ಹನ್ನೊಂದು ಮಂದಿ, ಒಂದು ಮೀಟರು

ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಇಂಗಾಲ ಬಿಡುವ ಮನೆ ನಮ್ಮದೇ ಎಂದು ಸಿಂಧನೂರಿನ ನಮ್ಮ ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಲೆಕ್ಕ ಮಾಡಿದವಳೇ ನಾನು.

ಸರ್ ಒಂದು ಫಾರ್ಮು ಕೊಟ್ಟಿದ್ದರು. ವರ್ಷದ ಕರೆಂಟಿನ ಯೂನಿಟ್ಟು, ಸಿಲಿಂಡರು ಎಷ್ಟೆಂದು ಬರೆದು, ಅದರಿಂದ ಹೊರಬೀಳುವ ಇಂಗಾಲವನ್ನು ಮನೆಮಂದಿಗೆ ಹಂಚಬೇಕು. ಯಾರದು ಕಡಿಮೆಯೋ ಅವರು ಲಿಂಗಸುಗೂರಿನ ಪರಿಸರ ಸಮಾವೇಶದಲ್ಲಿ ಕಾಲೇಜಿನ ಪರವಾಗಿ ತಮ್ಮ ಮನೆಯ ಬಗ್ಗೆ ಮಾತಾಡಬೇಕು. ನಾನು ಮೊದಲು ಬಂದೆ. ಮಸ್ಕಿಯಿಂದ ದಿನಾ ಬಸ್ಸಿಗೆ ಬರುವ ಗೆಳತಿ ಎರಡನೆಯವಳು.

ಚರ್ಚಾಸ್ಪರ್ಧೆಯಲ್ಲಿ ನನಗೆ ಕಲಿಸಿದ್ದು ಒಂದೇ: ಎದುರಿನವರಿಗಿಂತ ಮೊದಲು ನಿನ್ನ ವಾದವನ್ನು ನೀನೇ ಕೆಡವಿ ನೋಡು. ನಾನು ಬರೆದ ಬಿಲ್ಲಿಗೆ ಏನೇನು ಸೇರಿದೆ ನೋಡಲು, ಮನೆಗೆ ಬಂದು ಅಪ್ಪನ ಹೆಸರಿನ ಮೀಟರಿನ ಮೇನ್ ಸ್ವಿಚ್ ಇಳಿಸಿದೆ. ಫ್ಯಾನು ನಿಂತಿತು. ಫ್ರಿಜ್ಜು ಮಾತ್ರ ಗುಂಯ್ ಎನ್ನುತ್ತಲೇ ಇತ್ತು.

"ಯಾರಲೇ ಅದು ಫ್ಯಾನ್ ಬಂದ್ ಮಾಡಿದ್ದು?" ಒಳಗಿಂದ ದೊಡ್ಡವ್ವ ಕೂಗಿದಳು.

"ಫ್ರಿಜ್ ನಿಮ್ಮ ಮೀಟರಿಗೆ ಐತೇನು ದೊಡ್ಡವ್ವ?"

"ಫ್ರಿಜ್ಜು, ಮಿಕ್ಸರು, ನೀರಿನ ಮೋಟರು ಎಲ್ಲಾ ಅದಕ್ಕ. ಎಲ್ಲಾ ಒಂದ ಮೀಟರಿಗೆ ಹಾಕಿದ್ರ ಸರಕಾರದ ಫ್ರೀ ಯೂನಿಟ್ ದಾಟ್ತೈತಂತ ನಿಮ್ಮ ದೊಡ್ಡಪ್ಪ ಎರಡಕ್ಕ ಹಂಚ್ಯಾರ."

"ಅಂದ್ರ ನಮ್ಮ ಬಿಲ್ಲಿನಾಗ ಅವು ಬಂದೇ ಇಲ್ಲ."

"ನಮ್ಮದು ನಿಮ್ಮದು ಅನ್ನೋದು ಯಾವಾಗ ಶುರು ಹಚ್ಚಿದಿ ಬೇ? ಅದರಾಗಿನ ಮಸರು ತಿನ್ನಾಕ ಮೀಟರ್ ನೋಡಿದ್ದಿಯೇನು?"

ಮೇನ್ ಸ್ವಿಚ್ ಮತ್ತೆ ಏರಿಸಿದೆ. ತಪ್ಪು ಸಿಕ್ಕಿತ್ತು. ಫಾರ್ಮಿನಲ್ಲಿ ಎಷ್ಟು ಮಂದಿ ಎಂಬಲ್ಲಿ, ಕೂಡಿ ಊಟ ಮಾಡುವ ಹನ್ನೊಂದು ಮಂದಿಯನ್ನೂ ಬರೆದಿದ್ದೆ. ಬಿಲ್ಲು ಮಾತ್ರ ಅಪ್ಪನ ಹೆಸರಿನದು ಒಂದೇ. ಸಿಲಿಂಡರಿನದೂ ಅದೇ ಕತೆ. ದೊಡ್ಡಪ್ಪನ ಹೆಸರಿನಲ್ಲಿ ಬರುವುದೂ ಅದೇ ಒಲೆಗೆ. ಎಲ್ಲ ಕೂಡಿಸಿ ಹನ್ನೊಂದು ಮಂದಿಗೆ ಹಂಚಿದಾಗ ನಮ್ಮ ಇಂಗಾಲ ಮಸ್ಕಿಯವಳದಕ್ಕಿಂತ ಹೆಚ್ಚಾಯಿತು.

ಮರುದಿನ ಹೊಸ ಫಾರ್ಮು ಒಯ್ದೆ. ಸರ್ ಓದಿ ಮಡಚಿದರು.

"ನಿನ್ನ ಹೆಸರು ಕಳಿಸಿ ಆಗೈತವ್ವ. ಮಾತಾಡಾಕ ನೀನ ಚಲೋ. ಮೀಟರ್ ಪ್ರಕಾರ ನಿಮ್ದು ಬ್ಯಾರೆ ಮನಿನ ಅಲ್ಲೇನು?"

"ಹಂಗಾದ್ರ ನಾವು ಐದ ಮಂದಿ ಸರ್, ಹನ್ನೊಂದಲ್ಲ. ಆಗೂ ಮಸ್ಕಿಯಾಕೀನ ಮೊದಲು."

ಸರ್ ಹಾಜರಿ ಪುಸ್ತಕ ತೆಗೆದರು.

"ಮೀಟರ್ ನೋಡಿದ್ರ ಎರಡು ಮನಿ, ರೊಟ್ಟಿ ಬುಟ್ಟಿ ನೋಡಿದ್ರ ಒಂದ. ಎರಡರಾಗೂ ಆಕೀನ ಗೆಲ್ತಾಳ. ನಾ ಲಿಂಗಸುಗೂರಿನಾಗ ಯಾವ ಮನಿ ಬಗ್ಗೆ ಮಾತಾಡ್ಲಿ ಸರ್?"