ಮನೆಯವರಿಗೊಂದು ರಾತ್ರಿ

ಬೆಳದಿಂಗಳು ಬಂತೆಂದರೆ ಕುನ್ಜೆಸಳಿಗೆ ನಿದ್ದೆ ಸಿಗುತ್ತಿತ್ತು. ಚಂದ್ರ ದೊಡ್ಡದಾದಂತೆ ನಕ್ಷತ್ರಗಳು ಮಂಕಾಗುತ್ತವೆ. ನಕ್ಷತ್ರ ನೋಡಲೆಂದೇ ಲೇಹ್ ಆಚೆಯ ಚಾಂಗ್‌ಥಾಂಗಿನ ಆ ಎತ್ತರಕ್ಕೆ ಏದುಸಿರು ಬಿಡುತ್ತ ಬರುವ ಪ್ರವಾಸಿಗರು ಆ ದಿನಗಳಲ್ಲಿ ಬರುವುದಿಲ್ಲ. ಉಳಿದಂತೆ ಬೇಸಿಗೆಯ ಕತ್ತಲ ರಾತ್ರಿಗಳಲ್ಲಿ ಅವಳು ಅಂಗಳದ ದುರ್ಬೀನಿಗೆ ಹೊದಿಕೆ ಹಾಕಿ ಒಳಗೆ ಬರುವಾಗ ಎರಡು ಗಂಟೆ ದಾಟಿರುತ್ತಿತ್ತು. ಐದಕ್ಕೆ ಮತ್ತೆ ಏಳಬೇಕು. ಹೊಳೆಯಿಂದ ನೀರು ತರಬೇಕು, ಬೆರಣಿ ಹಾಕಿ ಒಲೆ ಹೊತ್ತಿಸಬೇಕು, ಮನೆಯಲ್ಲಿ ತಂಗಿದ ಅತಿಥಿಗಳಿಗೆ ರೊಟ್ಟಿ ಸುಡಬೇಕು, ಬೆಣ್ಣೆ ಹಾಕಿದ ಉಪ್ಪು ಚಹಾ ಒಲ್ಲದವರಿಗೆ ಬೇರೆ ಸಿಹಿ ಚಹಾ ಇಡಬೇಕು. ಆ ವರ್ಷ ಆಡುಗಳ ಉಣ್ಣೆ ಬಾಚುವ ಕೆಲಸವೂ ತಡವಾಗಿ, ಜುಲೈವರೆಗೆ ಎಳೆದುಕೊಂಡು ಬಂದಿತ್ತು. ಸಂಜೆಯಾಗುವ ಹೊತ್ತಿಗೆ ಅವಳ ಬೆರಳುಗಳು ಮಡಚುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಲೇಹ್‌ನಿಂದ ಬಂದವರು ಊರಿನ ಐವರು ಹೆಂಗಸರನ್ನು ಆರಿಸಿ, ಹತ್ತು ದಿನ ಆಕಾಶದ ಪಾಠ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ದುರ್ಬೀನು ಕೊಟ್ಟು ಹೋಗಿದ್ದರು. ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದ ಕುನ್ಜೆಸ್ ಆ ಐವರಲ್ಲಿ ಒಬ್ಬಳು. ಈಗ ಅವಳಿಗೆ ಎಲ್ಲ ಬಾಯಿಪಾಠ. "ಒಂದು ಕಣ್ಣು ಮುಚ್ಚಿ. ಕೊಳವೆ ಮುಟ್ಟಬೇಡಿ. ಮುಂದಿನವರು ಬನ್ನಿ" ಎಂದು ನಿದ್ದೆಯಲ್ಲೂ ಕನವರಿಸುತ್ತಾಳೆಂದು ಗಂಡ ಥಿನ್ಲೆಸ್ ನಗುತ್ತಿದ್ದ. ಅವನಾದರೂ ಮನೆಯಲ್ಲಿ ಇರುತ್ತಿದ್ದುದು ವಾರಕ್ಕೊಂದು ರಾತ್ರಿ. ಗಡಿ ಕಡೆಯ ರಸ್ತೆ ಕೆಲಸದಲ್ಲಿ ಟಿಪ್ಪರ್ ಓಡಿಸುತ್ತಿದ್ದ.

ಮಾವ ಮಾತ್ರ ಆ ದುರ್ಬೀನಿನ ಹತ್ತಿರ ಒಮ್ಮೆಯೂ ಸುಳಿದವರಲ್ಲ. ಮೊಮ್ಮಗಳು ಕರೆಯುವಂತೆ ಮನೆಯವರೆಲ್ಲ ಅವರನ್ನು ಮೇಮೆ ಎಂದೇ ಕರೆಯುತ್ತಿದ್ದರು. ಬೇಸಿಗೆಯಿಡೀ ಮೇಮೆ ಊರಿಗಿಂತ ಎರಡು ಗಂಟೆ ದಾರಿ ಮೇಲಿನ ಹುಲ್ಲುಗಾವಲಿನಲ್ಲಿ, ಯಾಕ್ ಕೂದಲಿನ ಗುಡಾರದಲ್ಲಿ ಆಡುಗಳ ಜೊತೆ ಇರುತ್ತಿದ್ದರು. ಸೊಸೆ ರಾತ್ರಿಹೊತ್ತು ಪರವೂರಿನ ಗಂಡಸರ ನಡುವೆ ನಿಂತು ಮಾತಾಡುವುದು ಅವರಿಗೆ ಹಿಡಿಸಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ಅವಳು ಹಿಟ್ಟು, ಉಪ್ಪು ಹೊತ್ತು ಮೇಲೆ ಹೋದಾಗ "ಅಂಗಡಿ ಹೇಗೆ ನಡೀತಿದೆ?" ಎಂದು ಕೇಳುತ್ತಿದ್ದರು, ಅಷ್ಟೆ.

ಲೇಹ್‌ನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು ಡಿಸ್ಕಿತ್ ಎರಡು ವಾರದ ರಜೆಗೆ ಬಂದಳು. ಹನ್ನೊಂದು ವರ್ಷ. ಬಂದ ಮೂರನೇ ರಾತ್ರಿ ಅತಿಥಿಗಳ ಸಾಲಿನ ಕೊನೆಗೆ ಹೋಗಿ ನಿಂತಿದ್ದವಳನ್ನು ಕುನ್ಜೆಸ್ ಚಹಾ ತರಲು ಒಳಗೆ ಅಟ್ಟಿದಳು. ಮರುದಿನ ತಾಯಿ ಹಿಟ್ಟು ನಾದುತ್ತಿದ್ದಾಗ ಮಗಳು ಕೇಳಿದಳು:

"ಅಮಾ, ನಮ್ಮ ಸರದಿ ಯಾವಾಗ?"

"ಯಾವ ಸರದಿ?"

"ದುಡ್ಡು ಕೊಟ್ಟೋರಿಗೆಲ್ಲಾ ತೋರಿಸ್ತೀಯ. ಶನೀನ ನಾನು ಪುಸ್ತಕದಲ್ಲೇ ನೋಡಿರೋದು. ಹಾಸ್ಟೆಲಲ್ಲಿ ಎಲ್ಲರೂ ಕೇಳ್ತಾರೆ, ನಾನು ಸುಳ್ಳು ಹೇಳ್ತೀನಿ."

ಕುನ್ಜೆಸ್ ಹಿಟ್ಟನ್ನು ಮುಚ್ಚಿಟ್ಟು ನೀರಿಗೆ ಹೋದಳು. ಆದರೆ ಆ ಮಾತು ಅವಳನ್ನು ಬಿಡಲಿಲ್ಲ. ರಾತ್ರಿ ಅತಿಥಿಗಳು ಮಲಗಿದ ಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿ ನೋಡಿದಳು. ಮಗಳು ಹೊರಡುವ ಹಿಂದಿನ ಶನಿವಾರ ಅರ್ಧಚಂದ್ರ. ಆ ವಾರ ಅತಿಥಿಗಳು ಕಡಿಮೆ. ಶನಿವಾರ ಥಿನ್ಲೆಸ್ ಬರುತ್ತಾನೆ. ಚಂದ್ರ ಕಾಣುವುದಕ್ಕೆ ಎರಡು ಗಂಟೆಯವರೆಗೆ ಕಾಯಬೇಕಾಗಿಯೂ ಇಲ್ಲ. ಹೊತ್ತು ಮುಳುಗುತ್ತಲೇ ದಕ್ಷಿಣದಲ್ಲಿ ಎತ್ತರಕ್ಕೆ ಇರುತ್ತದೆ. ಉಳಿದದ್ದು ಮೇಮೆಯನ್ನು ಅವತ್ತು ಕೆಳಗೆ ಕರೆಸುವ ಮಾತು.

"ಕೆಳಗೆ ಬರೋಕಾಗಲ್ಲ" ಎಂದು ಮೇಲಿನಿಂದ ದಿನಾ ಹಾಲು ತರುವ ಹುಡುಗಿಯ ಕೈಲಿ ಹೇಳಿ ಕಳಿಸಿದರು ಮೇಮೆ. "ತೋಳ ಓಡಾಡ್ತಿದೆ. ನಕ್ಷತ್ರಾನ ಅರವತ್ತು ವರ್ಷದಿಂದ ಬಿಟ್ಟಿಯಾಗಿ ನೋಡ್ತಿದೀನಿ, ಹೇಳು."

"ಹಾಗಾದ್ರೆ ನಾವೇ ಮೇಲೆ ಹೋಗೋಣ" ಎಂದಳು ಡಿಸ್ಕಿತ್.

ದೊಡ್ಡ ದುರ್ಬೀನು ಹಿಟ್ಟಿನ ಮೂಟೆಯಷ್ಟು ಭಾರ. ಹಿಂದೊಮ್ಮೆ ಬಂದಿದ್ದ ಅತಿಥಿಯೊಬ್ಬರು ಮಗುವಿಗಿರಲಿ ಎಂದು ಬಿಟ್ಟುಹೋಗಿದ್ದ, ಮೊಳದುದ್ದದ ಸಣ್ಣ ದುರ್ಬೀನೊಂದು ಪೆಟ್ಟಿಗೆಯಲ್ಲಿತ್ತು. ಎರಡನ್ನೂ ಒಯ್ಯುವುದೆಂದಾಯಿತು. ಶುಕ್ರವಾರ ಪುಣೆಯಿಂದ ಫೋನು ಬಂತು. ಆರು ಜನ, ಶನಿವಾರಕ್ಕೇ ಕೋಣೆ ಬೇಕು. ಮೂರು ವರ್ಷದಲ್ಲಿ ಕುನ್ಜೆಸ್ ಒಬ್ಬರಿಗೂ ಆಗುವುದಿಲ್ಲ ಎಂದವಳಲ್ಲ. "ನಮ್ಮ ಮನೇಲಿ ಕಾರ್ಯಕ್ರಮ ಇದೆ" ಎಂದು ಹೇಳಿ, ಪಕ್ಕದ ಮನೆಯ ನಂಬರು ಕೊಟ್ಟು, ಫೋನಿಟ್ಟ ಮೇಲೆ ಒಲೆಯ ಮುಂದೆ ಸುಮ್ಮನೆ ಕೂತಳು. ಹೇಳಿದ್ದು ಸುಳ್ಳಲ್ಲ ಎಂದು ಮನಸ್ಸಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಶನಿವಾರ ಥಿನ್ಲೆಸ್ ಮೈಯೆಲ್ಲ ದೂಳಾಗಿ ಬಂದ. ಊಟವನ್ನೂ ಮಾಡದೆ ದೊಡ್ಡ ದುರ್ಬೀನನ್ನು ರಜಾಯಿಯಲ್ಲಿ ಸುತ್ತಿ ಕುದುರೆಯ ಮೇಲೆ ಕಟ್ಟಿದ. ದಾರಿಯುದ್ದಕ್ಕೂ ಎದುರುಗಾಳಿ. ಕುನ್ಜೆಸ್ ಒಂದು ಕೈಯಿಂದ ಕೊಳವೆಯನ್ನು ಅದುಮಿ ಹಿಡಿದೇ ನಡೆದಳು. ಎರಡು ಸಲ ಎಡವಿದಳು. ಹಿಂದಿನ ರಾತ್ರಿಯೂ ಅವಳು ಮಲಗಿದ್ದು ಮೂರೇ ಗಂಟೆ.

ಗುಡಾರದ ಮುಂದೆ ಮೇಮೆ ಆಡುಗಳನ್ನು ಕಲ್ಲಿನ ದೊಡ್ಡಿಗೆ ಹೊಡೆಯುತ್ತಿದ್ದರು. ಕುದುರೆಯ ಮೇಲಿನ ಗಂಟು ನೋಡಿ, "ಯಾರಿಗೆ ಹುಷಾರಿಲ್ಲ?" ಎಂದರು.

"ಅದು ದುರ್ಬೀನು, ಮೇಮೆ" ಎಂದು ಡಿಸ್ಕಿತ್ ನಕ್ಕಳು.

"ನಾನೆಲ್ಲೋ ಹೆಣ ಅಂದ್ಕೊಂಡೆ."

ಗಾಳಿ ನಿಂತಾಗ ಹೊತ್ತು ಮುಳುಗಿತ್ತು. ಬಿಸಿ ಥುಕ್ಪಾ ಸಾರು ಕುಡಿದು ಮುಗಿಸುವಷ್ಟರಲ್ಲಿ ದಕ್ಷಿಣದ ಬೆಟ್ಟದ ಮೇಲೆ ಅರ್ಧಚಂದ್ರ ಸ್ಪಷ್ಟವಾಗಿತ್ತು. ಕುನ್ಜೆಸ್ ನೆಲ ಸಮ ಮಾಡಿ ದೊಡ್ಡದನ್ನು ನಿಲ್ಲಿಸಿದಳು, ಸಣ್ಣದನ್ನು ಮಗಳ ಕೈಗೆ ಕೊಟ್ಟಳು. ಚಂದ್ರನನ್ನು ಹಿಡಿದು ಸ್ಪಷ್ಟಗೊಳಿಸಿ, ಪಕ್ಕಕ್ಕೆ ಸರಿದಳು.

"ಬನ್ನಿ ಮೇಮೆ. ಒಂದು ಕಣ್ಣು ಮುಚ್ಚಿ. ಕೊಳವೆ ಮುಟ್ಟಬೇಡಿ."

"ಮುಟ್ಟಿದ್ರೆ ಕಚ್ಚುತ್ತಾ?" ಎನ್ನುತ್ತಲೇ ಮೇಮೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಡಿಸ್ಕಿತ್ ಸರದಿಗೆ ಕಾದು ಕಾಲು ಬದಲಿಸಿದಳು. ಥಿನ್ಲೆಸ್ ಕೆಮ್ಮಿದ. ಚಂದ್ರ ಸರಿದು ಹೋಗುತ್ತಿದ್ದಂತೆ ಕುನ್ಜೆಸ್ ಕೊಳವೆಯನ್ನು ಒಂದಿಷ್ಟೇ ತಿರುಗಿಸಿ ಮತ್ತೆ ತಂದುಕೊಟ್ಟಳು. ಮೇಮೆ ಹಾಗೇ ಇದ್ದರು.

"ಕಲ್ಲು" ಎಂದರು ಕೊನೆಗೆ. "ಬರೀ ಕಲ್ಲು. ನಮ್ಮ ಹಾಗೇ ಇದೆ."

"ಹೂಂ, ಮೇಮೆ."

"ಹುಲ್ಲಿಲ್ವಾ?"

"ಇಲ್ಲ. ನೀರೂ ಇಲ್ಲ."

"ಹಾಗಾದ್ರೆ ಅಲ್ಲಿ ಆಡು ಸಾಕೋಕಾಗಲ್ಲ." ಇಷ್ಟು ಹೇಳಿ ಸೊಸೆಯ ಕಡೆ ತಿರುಗಿದರು. "ಇದನ್ನ ನೀನು ದಿನಾ ಹೀಗೆ ತಿರುಗಿಸ್ತಾ ನಿಂತಿರ್ತೀಯಾ?"

"ದಿನಾ."

"ಎಷ್ಟು ಹೊತ್ತು?"

"ಅವರು ಮಲಗೋವರೆಗೂ."

ಮೇಮೆ ಮತ್ತೆ ಬಗ್ಗಿದರು. ಕುನ್ಜೆಸ್ ಕುದುರೆಯ ತಡಿಯ ಕಂಬಳಿಯ ಮೇಲೆ ಒಂದು ನಿಮಿಷವೆಂದು ಕೂತಳು. ಚಂದ್ರ ಮುಳುಗಿದ ಮೇಲೆ ಶನಿ ಮೂಡುತ್ತದೆ, ಅದನ್ನು ಮಗಳಿಗೆ ತೋರಿಸಬೇಕು, ಹಾಲು ಚೆಲ್ಲಿದಂತಿರುವ ಆಕಾಶಗಂಗೆಯಲ್ಲಿ ಯಾವುದನ್ನು ಮೊದಲು ತೋರಿಸುವುದು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು.

ಕಣ್ಣು ಬಿಟ್ಟಾಗ ಬಿಸಿಲು. ಮೇಲೆ ಮೇಮೆಯ ಕುರಿತೊಗಲಿನ ಹೊದಿಕೆ. ದುರ್ಬೀನಿಗೆ ಯಾರೋ ಬಟ್ಟೆ ಸುತ್ತಿದ್ದರು. ಡಿಸ್ಕಿತ್ ಹತ್ತಿರ ಕೂತು ಒಣಗಿದ ಗಿಣ್ಣು ಅಗಿಯುತ್ತಿದ್ದಳು.

"ಶನಿ?" ಎಂದಳು ಕುನ್ಜೆಸ್.

"ನಾನೇ ಹುಡುಕಿದೆ. ತುಂಬಾ ಹೊತ್ತಾಯ್ತು. ಅಪ್ಪಂಗೆ ತೋರಿಸಿದೆ, ಮೇಮೆಗೆ ತೋರಿಸಿದೆ. ಬಳೆ ಕಾಣ್ತು."

"ನನ್ನ ಯಾಕೆ ಎಬ್ಬಿಸಲಿಲ್ಲ?"

"ಮೇಮೆ ಬೇಡ ಅಂದ್ರು."

ಕುನ್ಜೆಸಳಿಗೆ ಅಳು ಬಂತು. ದಿನ ಎಣಿಸಿ, ಕೋಣೆ ಖಾಲಿ ಬಿಟ್ಟು, ಕುದುರೆಯ ಮೇಲೆ ಹೊರಿಸಿಕೊಂಡು ಬಂದ ರಾತ್ರಿಯನ್ನು ತಾನೊಬ್ಬಳೇ ನೋಡಲಿಲ್ಲ. ಮಗಳ ಎದುರು ಅಳಬಾರದೆಂದು ಹಾಲು ಕರೆಯುವ ಪಾತ್ರೆ ಹುಡುಕಲು ಎದ್ದಳು. ದೊಡ್ಡಿಯಲ್ಲಿ ಥಿನ್ಲೆಸ್ ಮತ್ತು ಮೇಮೆ ಆಗಲೇ ಅರ್ಧ ಆಡುಗಳ ಹಾಲು ಕರೆದಿದ್ದರು.

"ಇನ್ನೂ ಮಲಗು" ಎಂದರು ಮೇಮೆ, ತಲೆ ಎತ್ತದೆ. "ಇವತ್ತು ನಿನ್ನ ಅಂಗಡಿ ಮುಚ್ಚಿದೆ ತಾನೆ?"

"ಸಂಜೆಗೆ ನಾಲ್ಕು ಜನ ಬರ್ತಾರೆ."

"ಸಂಜೆ ಅಲ್ವಾ."

ಅವಳು ಗುಡಾರದೊಳಗೆ ಹೋಗಿ ಮೇಮೆಯ ಹಾಸಿಗೆಯಲ್ಲೇ ಮಲಗಿದಳು. ಮಧ್ಯಾಹ್ನದವರೆಗೆ ಯಾರೂ ಅವಳನ್ನು ಮಾತಾಡಿಸಲಿಲ್ಲ.

ಡಿಸ್ಕಿತ್ ಲೇಹ್‌ಗೆ ಹೋದಳು. ಅತಿಥಿಗಳು ಬಂದರು, ಸಾಲು ನಿಂತರು, ಕೊಳವೆ ಮುಟ್ಟಿದರು. ಉಣ್ಣೆ ಬಾಚುವುದು ಮುಗಿಯಿತು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಹಾಲಿನ ಹುಡುಗಿ, ಮುಂದಿನ ಅರ್ಧಚಂದ್ರ ಯಾವತ್ತು ಎಂದು ಮೇಮೆ ಕೇಳಿದರೆಂದು ಹೇಳಿದಳು. ಮೇಲಿನ ಇನ್ನಿಬ್ಬರು ಕುರುಬರಿಗೂ ನೋಡಬೇಕಂತೆ. ಕುನ್ಜೆಸ್ ಕೈಯ ಹಿಟ್ಟು ಒರೆಸಿಕೊಂಡು, ಕ್ಯಾಲೆಂಡರ್ ನೋಡದೆಯೇ, ಸೋಮವಾರ ಎಂದಳು.