ಬಾರದ ಕಾರಿಗೆ ನಾಲ್ಕು ನಿಂಬೆಹಣ್ಣು

ನಮ್ಮ ಭಾವನ ಕೆಳತುಟಿ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಮಾತಿನ ನಡುವೆ ಇಂಜಿನ್ನಿನ ಸದ್ದು ಮಾಡಿ ತೋರಿಸುವುದು ಅವರ ಚಾಳಿ. ಮೊದಲು ಗಂಟಲಲ್ಲಿ ಗುರುಗುಟ್ಟಿ, ಆಮೇಲೆ ತುಟಿ ಅದುರಿಸಿ, ಗೇರು ಬದಲಾಯಿಸುವ ಹೊತ್ತಿಗೆ ಎದುರು ಕೂತವರ ಕಾಫಿ ಲೋಟಕ್ಕೆ ಎಂಜಲು ಹಾರಿಸುತ್ತಿದ್ದರು. ದಟ್ಟಗಳ್ಳಿಯ ಅವರ ಮನೆಯಲ್ಲಿ ನಾನು ಕಾಫಿ ಕುಡಿಯುವುದನ್ನೇ ಬಿಟ್ಟಿದ್ದೆ. ಈಗ ನೆನೆದರೂ ಹೇಸಿಗೆಯಾಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಊರಿನ ಹೊಲ ಬಡಾವಣೆಗೆ ಹೋಗಿ ಕೈಗೆ ದುಡ್ಡು ಬಂದದ್ದೇ ತಡ, ಅವರ ತಲೆ ತಿರುಗಿತು. ಹೊರದೇಶದ ಕಂಪನಿಯೊಂದು ತನ್ನ ಸ್ಪೋರ್ಟ್ಸ್ ಕಾರಿನ ಹೊಸ ಮಾದರಿ ಬಿಡುತ್ತದೆಂದು ಫೋನಿನಲ್ಲಿ ನೋಡಿದರು. ಅಲ್ಲಿಂದ ಮುಂದೆ ಊಟಕ್ಕೆ ಕೂತರೂ ಅದೇ, ಸಾವಿನ ಮನೆಗೆ ಹೋದರೂ ಅದೇ. ಎಂಟು ಸಿಲಿಂಡರಿನ ಇಂಜಿನ್ನಂತೆ, ಹುಲಿ ಗರ್ಜಿಸಿದ ಹಾಗೆ ಸದ್ದಂತೆ. ಎಮ್ಮೆ ಅಡ್ಡ ಬರುವ ನಮ್ಮ ರಸ್ತೆಗೆ ಅದೆಲ್ಲ ಯಾಕೆ ಎಂದು ಕೇಳಿದರೆ, "ನಿಂಗೆ ಗೊತ್ತಾಗಲ್ಲ ಬುಡಮ್ಮ" ಎನ್ನುತ್ತಿದ್ದರು.

ಹೊಸ ಕಾರಿಗೆ ಜಾಗ ಬೇಕಲ್ಲ. ಇದ್ದ ಹಳೇ ಕಾರು ಬೀದಿಯಲ್ಲೇ ನಿಲ್ಲುತ್ತಿತ್ತು. ಬೀದಿಗೆ ಮುಖ ಮಾಡಿದ್ದ ಮುಂದಿನ ಕೋಣೆಯಲ್ಲಿ ಅಕ್ಕ ಹೊಲಿಗೆ ಇಟ್ಟುಕೊಂಡಿದ್ದಳು. ರವಿಕೆ ಹೊಲಿಸುವವರು ಕಿಟಕಿಯಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಕಾರ್ಖಾನೆಗೆ ಬೀಗ ಬಿದ್ದಿದ್ದ ದಿನಗಳಲ್ಲಿ ಆ ಮನೆಯ ಒಲೆ ಉರಿದದ್ದು ಅವಳು ಮಿಷನ್ ತುಳಿದದ್ದರಿಂದ. ಭಾವ ಆ ಕೋಣೆಯ ಗೋಡೆ ಒಡೆಸಿ, ನೆಲಕ್ಕೆ ಟೈಲ್ಸ್ ಹಾಕಿಸಿ ಕಾರು ಶೆಡ್ಡು ಮಾಡಿದರು. ಮಿಷನ್ನು ಹಿಂದೆ ಬಚ್ಚಲ ಪಕ್ಕದ ಕತ್ತಲಿಗೆ ಹೋಯಿತು. ಗಿರಾಕಿಗಳು ಬಚ್ಚಲತನಕ ಬರಲಿಲ್ಲ. ಅಕ್ಕನಿಗೆ ಆ ಕೋಣೆ ವಾಪಸು ಕೊಡಿ ಎಂದು ನಾನು ಹೋದಾಗಲೆಲ್ಲ ಜಗಳ ತೆಗೆಯುತ್ತಿದ್ದೆ. ಅವಳು ಮಾತ್ರ ಉಸಿರೆತ್ತುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಯಂದು ಬೀದಿಯವರೆಲ್ಲ ಗಾಡಿ ತೊಳೆದರೆ ಭಾವ ಹಳೇ ಕಾರನ್ನು ಮುಟ್ಟದೆ ಶೆಡ್ಡಿನ ಖಾಲಿ ನೆಲ ತೊಳೆದರು. ಚಕ್ರ ಬರಬೇಕಾದ ನಾಲ್ಕು ಕಡೆ ನಾಲ್ಕು ನಿಂಬೆಹಣ್ಣು ಇಟ್ಟು, ನಡುವೆ ಹೂವು ಸುರಿದು, ಬೂದುಗುಂಬಳ ಒಡೆದರು. ಉಳಿದವರು ಗಾಡಿ ಹತ್ತಿ ನಿಂಬೆಹಣ್ಣು ತುಳಿಸಿಕೊಂಡು ಮುಂದೆ ಹೋದರು. ಬಾರದ ಕಾರಿಗೆ ಚಕ್ರವೆಲ್ಲಿದೆ? ಪಂಚೆ ಎತ್ತಿ ಕಟ್ಟಿ, ಸ್ಟೇರಿಂಗ್ ಹಿಡಿದವರ ಹಾಗೆ ಕೈ ಮುಂದೆ ಚಾಚಿ, ತುಟಿಯಲ್ಲಿ ಗುರುಗುಟ್ಟುತ್ತ, ಬರಿಗಾಲ ಹಿಮ್ಮಡಿಯಲ್ಲಿ ಒಂದೊಂದನ್ನೇ ಪಚಕ್ಕನೆ ಜಜ್ಜಿದರು. ರಸ, ಬೀಜ, ಎಂಜಲು ಎಲ್ಲ ಟೈಲ್ಸಿನ ಮೇಲೆ. ಅದನ್ನು ಒರೆಸಿದವಳು ಅಕ್ಕ.

ಕೊನೆಗೊಂದು ದಿನ ಸುದ್ದಿ ಬಂತು. ಎಂಟು ಸಿಲಿಂಡರು ಬರುವುದಿಲ್ಲ, ನಾಲ್ಕೇ, ಜೊತೆಗೆ ಬ್ಯಾಟರಿಯಂತೆ. ಭಾವ ಅನ್ನ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. "ಮಿಕ್ಸಿ ಸದ್ದು ಕೇಳಕ್ಕೆ ಕಾರು ಯಾಕಮ್ಮ ಬೇಕು?" ಎಂದರು. ಪೀಡೆ ತೊಲಗಿತು, ಕೋಣೆ ಬಂತು ಎಂದು ನಾನು ಹಿಗ್ಗಿದೆ. ಮೂರನೆಯ ದಿನ ಎದ್ದು ಕೂತು, ಅದರ ಮುಂದಿನ ಮಾದರಿಗೆ ಕಾಯುತ್ತೇನೆಂದರು.

ಒಂದು ಮಾತು ಒಪ್ಪಲೇಬೇಕು. ನನಗೆ ಕಾರು ಓಡಿಸಲು ಕಲಿಸಿದವರು ಇದೇ ಭಾವ. ಗಂಡನ ಮನೆಯಲ್ಲಿ ಎಲ್ಲರೂ ನಕ್ಕಾಗ, ತಮ್ಮ ಹಳೇ ಕಾರನ್ನು ವಿದ್ಯಾರಣ್ಯಪುರಂನ ನಮ್ಮ ಮನೆ ಬಾಗಿಲಿಗೆ ತಂದು ನನ್ನನ್ನು ಕೂರಿಸಿದರು. "ಕಣ್ಣು ರಸ್ತೇಲಿರ್ಲಿ, ಕಿವಿ ಬಾನೆಟ್ಟಲ್ಲಿರ್ಲಿ. ಇಂಜಿನ್ನು ತನ್ನ ಕಷ್ಟ ತಾನೇ ಹೇಳ್ಕೊತದೆ ಕಣಮ್ಮ, ಕೇಳೋರು ಬೇಕು ಅಷ್ಟೇ" ಎಂದಿದ್ದರು. ಹೆಂಡತಿಯ ಕಷ್ಟ ಮಾತ್ರ ಆ ಕಿವಿಗೆ ಬೀಳಲಿಲ್ಲ.

ಅವರಿಗೆ ಎದೆನೋವು ಬಂದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅದೇ ಹಳೇ ಕಾರಿನಲ್ಲಿ ಆಸ್ಪತ್ರೆಗೆ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅವರ ತಲೆ ಅಕ್ಕನ ತೊಡೆಯ ಮೇಲಿತ್ತು. ಅವಳು ಎದೆ ನೀವುತ್ತ, ಏನಾದರೂ ಹೇಳಿ ಎಂದು ಬೇಡುತ್ತಿದ್ದಳು. ಭಾವ ಕಣ್ಣು ಬಿಟ್ಟು ನನಗೆ ಹೇಳಿದರು: "ಥರ್ಡ್ ಹಾಕಮ್ಮ. ಇಂಜಿನ್ನು ನರಳ್ತಾ ಅದೆ."

ಅದೇ ಕೊನೆಯ ಮಾತು. ಅಕ್ಕನಿಗೆ ಅರ್ಧ ಮಾತೂ ಸಿಗಲಿಲ್ಲ. ಅವರ ತಿಥಿಯೂಟದ ಎಲೆಯಿಂದ ನಾನು ಅರ್ಧಕ್ಕೇ ಎದ್ದೆ, ಅದು ದುಃಖದಿಂದಲ್ಲ.

ವರ್ಷ ತುಂಬಿದ ಮೇಲೆ ಬಂದ ಆಯುಧಪೂಜೆಗೆ ಹೋದೆ. ಅಕ್ಕ ಹೊಲಿಗೆ ಮಿಷನ್ನನ್ನು ಶೆಡ್ಡಿನ ನಡುಮಧ್ಯಕ್ಕೆ ತಂದು, ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದ್ದಳು. ಮುಂದೆ ಒಂದೇ ಒಂದು ನಿಂಬೆಹಣ್ಣು. ಭಾವನ ಲೆಕ್ಕದಲ್ಲಿ ನಾಲ್ಕು ಇಡಬೇಕಿತ್ತಲ್ಲವೇ ಎಂದು ಕೆಣಕಿದೆ.

"ಒರೆಸಿ ಒರೆಸಿ ಸಾಕಾಗೋಗಿತ್ತು ಕಣೇ" ಎಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ದೂರು ಅದು.

ಮಾರನೆಯ ಬೆಳಿಗ್ಗೆ ವಿಜಯದಶಮಿ. ಬೀದಿಯ ಬೆಳಕಿಗೆ ಮುಖ ಮಾಡಿ ಕೂತು ಅವಳು ಮಿಷನ್ ತುಳಿದಳು. ಸದ್ದು ಕೇಳಿದ್ದೇ, ಕೆಳಗಿನ ಚಕ್ರ ಎಣ್ಣೆ ಕೇಳುತ್ತಿದೆ ಎಂದುಬಿಟ್ಟೆ. ಅಕ್ಕ ಎಣ್ಣೆ ಬಿಟ್ಟಳು, ಸದ್ದು ನುಣುಪಾಯಿತು. ಆ ಕಿವಿ ನನಗೆ ಕೊಟ್ಟವರು ಭಾವ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.