ಹಂಡೆಯೊಳಗಿನ ಮರಿಮೀನು, ಅಜ್ಜಿಯ ಬಾಯಾರಿಕೆ

ಟಣ್! ತಾಮ್ರದ ಹಂಡೆಗೆ ಬೆರಳಿನ ಉಂಗುರ ತಾಗಿದ ಸದ್ದು. ಕಾಲುವೆ ತೋಡುವಾಗ ಬಂಡೆ ಸಿಡಿಸುತ್ತಿದ್ದ ಅಷ್ಟು ದೊಡ್ಡ ಸಪ್ಪಳ ಮರೆತೇಹೋಗಿದೆ. ಈ ಪುಟ್ಟ ಟಣ್ ಮಾತ್ರ ಹೋಗಿಲ್ಲ.

ದಢೇಸುಗೂರಿನ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದ ಹೊಸತು. ನೀರಿನ ಹಿಂದೆ ಭತ್ತ ಬಂತು, ಸೊಳ್ಳೆ ಬಂತು, ಮೀನೂ ಬಂತು. ಬಂದದ್ದು ಎಲ್ಲಿಗೆ? ಶಿವಪೂಜೆ ತಪ್ಪದ ನಮ್ಮ ಮನೆಯ ಕುಡಿಯುವ ನೀರಿಗೇ! ಅದಕ್ಕೇ ಅಜ್ಜಿ ಒಂದು ರೂಲ್ ಮಾಡಿದ್ದಳು: ಕಾಲುವೆ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಹಂಡೆಗೆ ಹಾಕಬೇಕು, ಆಮೇಲೆ ಬಟ್ಟೆಯನ್ನು ಕಾಲುವೆಯಲ್ಲೇ ಜಾಲಿಸಬೇಕು. ಜೀವ ಇದ್ದರೆ ತನ್ನ ಮನೆಗೆ ಹೋಗಲಿ ಅಂತ.

ನಾನು ಹೈದರಾಬಾದಿನ ಕಾನ್ವೆಂಟಿನಿಂದ ದಸರೆ ರಜೆಗೆ ಬಂದಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಗುರುಗುಂಟಾದಿಂದ ಬಂದ ಹೊಸ ಸೊಸೆ. ಒಣಬೇಸಾಯದ ಊರಿನ ಹುಡುಗಿ. ನೀರೆಂದರೆ ಬಾವಿಯದು ಎಂದಷ್ಟೇ ಗೊತ್ತು. ಒಂದು ಬೆಳಿಗ್ಗೆ ಮರೆತು ಸೋಸದೇ ಹಂಡೆ ತುಂಬಿಸಿಬಿಟ್ಟಳು. ಪೂಜೆ ಮುಗಿಸಿ ನೀರಿಗೆ ಬಂದ ಅಜ್ಜಿ ಬಗ್ಗಿ ನೋಡುತ್ತಾಳೆ, ಕೂದಲೆಳೆಯಂಥದೊಂದು, ಎರಡು ಕಪ್ಪು ಕಣ್ಣು ಇಟ್ಟುಕೊಂಡು ತೇಲುತ್ತಿದೆ.

"ಯಾರವ್ವಾ ನೀರು ಹಾಕಿದಾಕಿ?"

"ನಾನ್ರೀ ಯಮ್ಮಾ," ವೈನಿ ತಲೆಯ ಸೆರಗು ಮುಂದಕ್ಕೆಳೆದುಕೊಂಡಳು. "ನಮ್ಮೂರ ಬಾವ್ಯಾಗ ಕಪ್ಪಿ ಇರತಾವ್ರೀ, ಇಂಥಾವು ಇರಂಗಿಲ್ರೀ."

"ಕಪ್ಪಿ ಆಗಿದ್ರ ಕೈಗಾರ ಸಿಗತಿತ್ತು!"

ಅಣ್ಣ ನಡುವೆ ಬಾಯಿ ಹಾಕಿದ. "ಈಗ ಸೋಸಿದ್ರಾತಲ್ಲ?"

"ಹ್ವಾದ ವಾರ ಸೋಸುವಾಗ ಒಂದು ಮರಿ ಬಟ್ಟಿಗಿ ಹತ್ತಿ ಸತ್ತೈತಿ. ಇದು ನೀರಾಗ ಬಂದೈತಿ, ನೀರಾಗ ಹೋಗಬೇಕು. ಅಲ್ಲೀಮಟ ನಾ ಹನಿ ನೀರು ಮುಟ್ಟಂಗಿಲ್ಲ."

ಪಕ್ಕದ ಮನೆಯಿಂದ ತರಲೇ ಅಂದೆ. "ನನ್ನ ಮನ್ಯಾಗ ಒಂದು ಜೀವ ಸಿಕ್ಕೊಂಡೈತಿ, ನಾ ಮಂದಿ ಮನಿ ನೀರು ಕುಡೀಲ್ಯಾ?" ಎಂದು ಗೋಡೆಗೆ ಒರಗಿ ಕೂತಳು. ಮಾತಾಡುವಾಗಲೇ ಅವಳ ತುಟಿ ಒಣಗಿ ಅಂಟುತ್ತಿತ್ತು. ತುಂಬಿದ ಹಂಡೆಯನ್ನು ಎತ್ತಿ ಕಾಲುವೆಗೆ ಒಯ್ಯುವ ಗಂಡಸು ಆ ಊರಲ್ಲಿರಲಿಲ್ಲ.

ಅಣ್ಣ ಅಂಗಿಯ ತೋಳು ಮಡಚಿದ. ಈ ಕಡೆಯಿಂದ ಕೈ ಹಾಕಿದರೆ ಮೀನು ಆ ಕಡೆ; ಆ ಕಡೆಯಿಂದ ಹಾಕಿದರೆ ಈ ಕಡೆ. ರೇಗಿ ಹಂಡೆಯನ್ನು ಹಲಗೆ ವಾದ್ಯದ ಹಾಗೆ ಬಡಿಯತೊಡಗಿದ. ಮೀನು ಮೊದಮೊದಲು ಚಂಗನೆ ಜಿಗಿಯಿತು. ಆಮೇಲಾಮೇಲೆ ಜಿಗಿಯುವುದನ್ನೇ ಬಿಟ್ಟು, ಕೈಗೆಟುಕದ ತಳದಲ್ಲಿ ಸುಮ್ಮನೆ ನಿಂತಿತು.

"ಸತ್ತೈತೇನ್ರೀ?" ವೈನಿ ಅಳುವುದೊಂದು ಬಾಕಿ.

"ಸಾಯೂದ್ಯಾಕ? ನಿನ್ನ ಗಂಡನ ಗದ್ದಲಕ್ಕ ರೂಢಿ ಆಗೈತದಕ," ಅಜ್ಜಿ ಕೂತಲ್ಲಿಂದಲೇ ಅಂದಳು. "ನಿನಗೂ ಆಗತೈತಿ, ತಡಿ."

ನಾನು ಅಣ್ಣನನ್ನು ಹೊರಗೆ ದಬ್ಬಿದೆ. "ಸೈಲೆನ್ಸ್!" ನಮ್ಮ ಕಾನ್ವೆಂಟಿನ ಸಿಸ್ಟರ್ ಅನ್ನುತ್ತಿದ್ದ ಹಾಗೆಯೇ. ವೈನಿ, ನಾನು ಹಂಡೆಯ ಆಚೆ ಈಚೆ ಕೂತೆವು. ಬಹಳ ಹೊತ್ತಿನ ಮೇಲೆ ಮೀನು ಮೇಲೆ ಬಂತು. ವೈನಿ ಕಣ್ಣೊರೆಸಿಕೊಂಡು ಕೈ ಇಳಿಸುವಾಗ ಉಂಗುರ ಹಂಡೆಗೆ ತಾಗಿತು: ಟಣ್! ಮೀನು ಕುಡುಗೋಲಿನಂತೆ ಬಾಗಿ ಸೀದಾ ನನ್ನ ಕಡೆ ಹಾರಿತು.

"ಕಂಡಿಯೇನ್ ಬೇ? ನನ್ನ ಕಡಿ ಸಪ್ಪಳಾದ್ರ ನಿನ್ನ ಕಡಿ ಬರತೈತಿ!"

"ಹಂಗಾದ್ರ ನಾ ಟಂಬ್ಲರ್ ಹಿಡದು ಕುಂದ್ರತೀನಿ. ಮತ್ತ ಮತ್ತ ಬಡೀಬ್ಯಾಡ ವೈನಿ, ಮತ್ತ ರೂಢಿ ಆದೀತು."

ಗಾಜಿನ ಟಂಬ್ಲರನ್ನು ಅಡ್ಡ ಮಲಗಿಸಿ, ಬಾಯಿ ಅವಳ ಕಡೆ ಮಾಡಿ ನೀರಲ್ಲಿ ಹಿಡಿದೆ. ಮೀನು ನಡುವೆ ಬರುವಷ್ಟರಲ್ಲಿ ಕೈ ಜೋಮು ಹಿಡಿಯಿತು. ಹಿಂದೆ ಅಜ್ಜಿಯ ಒಣಕೆಮ್ಮು. ನಾನು ಕಣ್ಣು ಸನ್ನೆ ಮಾಡಿದೆ.

ಟಣ್!

ಮೀನು ಟಂಬ್ಲರಿನಲ್ಲಿತ್ತು! ವೈನಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಸೆರಗು ಜಾರಿದ್ದೂ ತಿಳಿಯದೆ ಕಾಲುವೆಗೆ ಓಡಿದಳು. ಅವಳು ಬರಿಗ್ಲಾಸು ತಂದು ತೋರಿಸಿದ ಮೇಲೆಯೇ ಅಜ್ಜಿ ಸೋಸಿದ ನೀರಿಗೆ ಕೈ ಹಾಕಿದ್ದು. ಮೊದಲ ಗ್ಲಾಸನ್ನು ತಾನು ಕುಡಿಯಲಿಲ್ಲ, ವೈನಿಯ ಮುಂದೆ ಹಿಡಿದಳು. "ತಗೋ. ಮುಂಜಾನಿಂದ ನೀನೂ ಕುಡದಿಲ್ಲ. ನನಗ ಕಣ್ಣಿಲ್ಲೇನು?"

ಮೊನ್ನೆ ಒಂದು ಮ್ಯಾಗಝೀನ್ ಓದುವಾಗ ಆ ಮೀನು ನೆನಪಾಯಿತು. ಮರಿಮೀನಿನ ಹಿಮ್ಮೆದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ನರಕೋಶ ಇರುತ್ತದಂತೆ. ಎಡಗಡೆ ಸಪ್ಪಳವಾದರೆ ಎಡದ ಕೋಶ ಎಚ್ಚರಗೊಳ್ಳುತ್ತದೆ. ಅದರ ತಂತು ಆಚೆ ಬದಿಗೆ ದಾಟಿ ಬಲಗಡೆಯ ಸ್ನಾಯುಗಳನ್ನು ಬಿಗಿಯುತ್ತದೆ, ಮೈ ಬಲಕ್ಕೆ ಬಾಗುತ್ತದೆ, ಮೀನು ಪಾರು. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಪಾಪ, ಅಣ್ಣನ ಕೈ ಎಲ್ಲಿ ಗೆಲ್ಲಬೇಕು? ಮೊದಲು ಕೂಗಿದ ಕೋಶ ಇನ್ನೊಂದರ ಬಾಯಿ ಮುಚ್ಚಿಸುತ್ತದಂತೆ, ಎರಡೂ ಒಟ್ಟಿಗೆ ಎಳೆದಾಡಬಾರದಲ್ಲ. ವೆರಿ ಸೆನ್ಸಿಬಲ್. ನಮ್ಮ ಮನೆಯಲ್ಲಿ ಆ ಏರ್ಪಾಡು ಇರಲಿಲ್ಲ, ಎಲ್ಲರೂ ಒಟ್ಟಿಗೇ ಕೂಗುತ್ತಿದ್ದೆವು.

ಅಜ್ಜಿಯ ಮಾತು ಮಾತ್ರ ಸುಳ್ಳಾಯಿತು. ವೈನಿಗೆ ಯಾವ ಗದ್ದಲವೂ ಎಂದೂ ರೂಢಿಯಾಗಲಿಲ್ಲ. ನಮ್ಮಿಬ್ಬರ ತಲೆಯೂ ಬೆಳ್ಳಗಾದ ಮೇಲೆ ಒಮ್ಮೆ ಸಿಂಧನೂರು ಬಸ್ ಸ್ಟ್ಯಾಂಡಿಗೆ ನನ್ನನ್ನು ಕಳಿಸಲು ಬಂದಿದ್ದಳು. ಅವಳ ಎಡಕ್ಕೆ ಒಂದು ಲಾರಿ ಹಾರ್ನ್ ಹೊಡೆಯಿತು. ವೈನಿ ಬಲಕ್ಕೆ ಜಿಗಿದು ಸೀದಾ ನನ್ನ ತೋಳಿಗೇ ಬಂದು ಬಿದ್ದಳು. ಉಸಿರು ಸುಧಾರಿಸಿಕೊಂಡು ನನ್ನ ಮುಖ ನೋಡಿದಳು.

"ಟಂಬ್ಲರ್ ಮೊದಲೇ ಹಿಡದು ನಿಂತಿದ್ದಿಯೇನ್ ಬೇ?"

ಬಸ್ಸು ಮಸ್ಕಿ ದಾಟುವವರೆಗೂ ಒಬ್ಬಳೇ ನಗುತ್ತಿದ್ದೆ. ಅವಳನ್ನು ನೋಡಿದ್ದು ಅದೇ ಕೊನೆ.